ಮೊಗ್ಗಿನ ಜಡೆಯ ಫೋಟೋ

ಬಸ್ಸು ಸಾಸ್ವೆಹಳ್ಳಿ ಬಿಟ್ಟಾಗ ತಿಪ್ಪೇಶಪ್ಪ ಮೇಷ್ಟರ ಕೈಗಡಿಯಾರದಲ್ಲಿ ಎಂಟೂ ನಲವತ್ತು. ಅಂದರೆ ಹತ್ತು ನಿಮಿಷ ಆಗಲೇ ಹಾಳು. ಎಂಟೂವರೆಗೆ ಬಸ್ಸು, ಒಂಬತ್ತೂವರೆಗೆ ಹೊನ್ನಾಳಿ, ಒಂಬತ್ತು ಮುಕ್ಕಾಲಿಗೆ ಸ್ಟುಡಿಯೋ, ಹತ್ತೂ ಹತ್ತಕ್ಕೆ ಫೋಟೋ, ಹನ್ನೊಂದಕ್ಕೆ ಮಗುವಿನ ನಿದ್ದೆ. ಇದನ್ನೆಲ್ಲ ಅವನು ತನಗೆ ಕೆಲಸವಿದ್ದ ಜಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ನೋಟುಪುಸ್ತಕದ ಹಾಳೆಯ ಮೇಲೆ ಬರೆದು, ಕೆಳಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದ. ಹಾಳೆಯ ಹಿಂಬದಿಯಲ್ಲಿ ನಕ್ಷೆಯೂ ಇತ್ತು. ಅ ಎಂಬ ಬಿಂದುವಿನಲ್ಲಿ ಅವ್ವ ಉಡಚಮ್ಮ, ಬ ಎಂಬಲ್ಲಿ ಹೆಂಡತಿ ಪ್ರೇಮಮ್ಮ, ಕ ಎಂಬಲ್ಲಿ ತಾನು, ತನ್ನ ತೊಡೆಯ ಮೇಲೆ ಡ, ಅಂದರೆ ಎರಡು ವರ್ಷದ ಮಗ ಬೀರಲಿಂಗ. ಆ ಡ ಎಂಬ ಬಿಂದು ಈಗ ಪ್ರೇಮಮ್ಮನ ಕುತ್ತಿಗೆಗೆ ತೆಕ್ಕೆ ಬಿದ್ದು, ಅಪ್ಪನ ಕಡೆ ಬೆನ್ನು ತಿರುಗಿಸಿ, ತನ್ನ ಒಂದು ಚಪ್ಪಲಿಯನ್ನು ಆಗಲೇ ಕಿಟಕಿಯಿಂದಾಚೆ ಎಸೆದಿತ್ತು. ತಿಪ್ಪೇಶಪ್ಪ ಕಂಡಕ್ಟರಿಗೆ ಬಸ್ಸು ನಿಲ್ಲಿಸಲು ಹೇಳಲೋ ಬೇಡವೋ ಎಂದು ಯೋಚಿಸಿದ. ಯೋಚಿಸುವುದರೊಳಗೆ ಬಸ್ಸು ಒಂದು ಫರ್ಲಾಂಗು ಹೋಗಿತ್ತು.

ಮಗನಿಗೆ ಲಂಗ ಉಡಿಸಿದ್ದರು. ನಾಳೆ ಮನೆದೇವರ ಮುಂದೆ ಜವಳ, ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು ನಾಳೆ ಬೆಳಿಗ್ಗೆ ಹೋಗುತ್ತದೆ. ಹೋಗುವ ಮುಂಚೆ ಗಂಡು ಕೂಸಿಗೆ ಹೆಣ್ಣು ವೇಷ ಹಾಕಿ, ಮೊಗ್ಗಿನ ಜಡೆ ಹೆಣೆದು, ಹಿಂದೆ ನಿಲುಗನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆಸುವುದು ಎಲ್ಲರೂ ಮಾಡುವುದೇ. ಪಕ್ಕದ ಮನೆಯ ಮುರುಗೇಶಪ್ಪನೂ ಮಾಡಿದ್ದ. ಅವನ ನಡುಮನೆಯಲ್ಲಿ ರೇಡಿಯೋದ ಮೇಲ್ಗಡೆ ಆ ಫೋಟೋ ಇತ್ತು. ಮುರುಗೇಶಪ್ಪ ಕುರ್ಚಿಯಲ್ಲಿ, ಮಗು ಅವನ ತೊಡೆಯಲ್ಲಿ, ಮಗುವಿನ ಬಾಯಲ್ಲಿ ನಾಲ್ಕೇ ಹಲ್ಲು, ಆ ನಾಲ್ಕೂ ಕಾಣುವಂಥ ನಗು. ನಾಲ್ಕನೇ ಕ್ಲಾಸು ಪಾಸಾಗದ ಮುರುಗೇಶಪ್ಪ. ಹೋದ ಸಲ ಅವರ ಮನೆಯಲ್ಲಿ ಟೀ ಕುಡಿಯುವಾಗ ತಿಪ್ಪೇಶಪ್ಪನ ಕಣ್ಣು ಪದೇ ಪದೇ ಅಲ್ಲಿಗೇ ಹೋಗಿ, ಮುರುಗೇಶಪ್ಪ ಅದನ್ನು ನೋಡಿ, ನೀವೂ ಒಂದು ತೆಗೆಸ್ರಿ ಮೇಷ್ಟ್ರೇ, ಕೂಸು ಬರುತ್ತಲ್ಲ ನಿಮ್ಮ ಹತ್ರ, ಎಂದು ಕೇಳಿದ್ದ. ಬರುತ್ತೆ ಬರುತ್ತೆ ಎಂದು ಇವನು ಬಸಿಯಲ್ಲಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ. ಕೂಸು ಬರುತ್ತಿರಲಿಲ್ಲ. ತಿಂಗಳಿಗೊಂದು ಶನಿವಾರ ಅವನು ಜಗಳೂರಿನಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ, ಹೊನ್ನಾಳಿಯಿಂದ ಸಾಸ್ವೆಹಳ್ಳಿ ಎಂದು ಮೂರು ಬಸ್ಸು ಹತ್ತಿಳಿದು ಮನೆ ಬಾಗಿಲಲ್ಲಿ ನಿಂತರೆ ಮಗ ಒಳಗೆ ಓಡಿ, ಅವ್ವಾ, ಯಾರೋ ಬಂದ್ರು, ಎನ್ನುತ್ತಿತ್ತು. ಬಂದ ಎನ್ನುತ್ತಿರಲಿಲ್ಲ, ಬಂದ್ರು ಎನ್ನುತ್ತಿತ್ತು. ಆ ಮರ್ಯಾದೆ ಅವನಿಗೆ ಎದೆಗೆ ಒದ್ದ ಹಾಗಾಗುತ್ತಿತ್ತು. ಆದ್ದರಿಂದ ಒಂದು ಫೋಟೋ ಬೇಕಿತ್ತು, ಮಗ ತನ್ನ ತೊಡೆಯ ಮೇಲೆ ಕೂತದ್ದಕ್ಕೆ ಗೋಡೆಯ ಮೇಲೊಂದು ಸಾಕ್ಷಿ. ಕೂತಿರಬೇಕಾದದ್ದು ಎಷ್ಟು ಹೊತ್ತು? ಒಂದು ಸೆಕೆಂಡು. ಒಂದು ಸೆಕೆಂಡಿಗಾದರೂ ಮಗ ಅಪ್ಪನ ಮಗನಾಗಬಾರದೇ?

ಹೊನ್ನಾಳಿ ನಿಲ್ದಾಣದ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಪಕ್ಕದಲ್ಲಿ ನಾಲ್ಕು ಮುಖದ ಸುಖೀ ಸಂಸಾರ. ಆ ಅಪ್ಪನ ಕೈ ಆ ಮಗನ ಹೆಗಲ ಮೇಲಿತ್ತು. ಯಾವನೋ ಸರ್ಕಾರಿ ಪೇಂಟರನಿಗೆ ಇಷ್ಟು ಸುಲಭಕ್ಕೆ ಆಗುವುದು ತನಗೆ ಯಾಕೆ ಆಗುವುದಿಲ್ಲ ಎಂದು ತಿಪ್ಪೇಶಪ್ಪನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವನು ಮಾಡುವುದು ಒಂದೇ, ನೋಡುವುದು. ಜಗಳೂರಿನ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಎರಡನ್ನೂ ಹೇಳುವ ಅವನು ಹನ್ನೊಂದು ವರ್ಷದಿಂದ ಒಂದು ಬೆತ್ತ ಮುಟ್ಟಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರೆ ಐವತ್ತು ಹುಡುಗರ ಕ್ಲಾಸು ಗಪ್‌ಚಿಪ್. ಹೆಡ್‌ಮಾಸ್ತರರೇ ಎಷ್ಟೋ ಸಲ ಪಕ್ಕದ ಕ್ಲಾಸಿನ ಗಲಾಟೆಗೆ, ಒಂಚೂರು ಹೋಗಿ ನೋಡಿ ಬನ್ರಿ ತಿಪ್ಪೇಶಪ್ಪನವರೇ, ಎಂದು ಕಳಿಸಿದ್ದುಂಟು. ಆ ನೋಟ ಅವನು ಎಲ್ಲಿಂದಲೋ ಕಲಿತದ್ದಲ್ಲ, ಅದು ಮನೆತನದ ಆಸ್ತಿ. ನಡುಮನೆಯ ಗೋಡೆಯ ಮೇಲಿನ ಅಪ್ಪನ ಫೋಟೋದಿಂದ ಬಂದದ್ದು. ಅಪ್ಪ ಬೀರಲಿಂಗಪ್ಪ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ. ಬದುಕಿದ್ದಾಗ ತೆಗೆಸಿದ್ದ ಫೋಟೋ ಒಂದೂ ಇಲ್ಲದ್ದರಿಂದ ಹೊನ್ನಾಳಿಯಿಂದ ಫೋಟೋದವರನ್ನು ಕರೆಸಿ, ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ರುಮಾಲು ಸುತ್ತಿ ತೆಗೆಸಿದ್ದು. ಆಮೇಲೆ ಅದರ ಮೇಲೆ ಕಣ್ಣು ಬರೆಸಿದ್ದು. ಇದು ಇವನಿಗೂ ಗೊತ್ತಿತ್ತು. ಆದರೆ ಆ ಕಣ್ಣು ಎಂಥ ಕಣ್ಣು! ಸುಳ್ಳು ಹೇಳಿದರೆ ಅದಕ್ಕೆ ಗೊತ್ತಾಗುತ್ತಿತ್ತು. ಬೆಲ್ಲ ಕದ್ದರೆ ಗೊತ್ತಾಗುತ್ತಿತ್ತು. ಅಪ್ಪ ಎಂದರೆ ಹೀಗೆ ನೋಡುವವನು ಎಂದು ಅವನು ಆ ಫೋಟೋದ ಕೆಳಗೆ ಕೂತು ಕಲಿತ, ಎಂಟನೇ ಕ್ಲಾಸಿನಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ, ಕೊನೆಗೆ ಅದು ಮುಖಕ್ಕೆ ಅಂಟಿಕೊಂಡಿತು. ಈಗ ಮೊಮ್ಮಗನಿಗೂ ಅದೇ ಹೆಸರಾದ್ದರಿಂದ ಉಡಚಮ್ಮ ಗಂಡನ ಹೆಸರು ಹೇಳಬಾರದೆಂದು ಕೂಸನ್ನು ಯಜಮಾನ ಎಂದೇ ಕರೆಯುತ್ತಾಳೆ. ಬಸ್ಸಿನಲ್ಲೂ, ಯಜಮಾನ ಉಚ್ಚೆ ಹೊಯ್ತಾನೇನೋ ಕೇಳು ಪ್ರೇಮಾ, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಅಲ್ಲಾಬಕ್ಷ್ ಸಾಹೇಬರ ಸ್ಟುಡಿಯೋ ಮುಟ್ಟಿದಾಗ ಹತ್ತು ಗಂಟೆ ಹೊಡೆದಿತ್ತು. ಗಡ್ಡ ನರೆತ, ಮಾತಿನಲ್ಲಿ ಗಡಿಬಿಡಿಯಿಲ್ಲದ ಮನುಷ್ಯ. ಕರಿ ಬಟ್ಟೆ ಹೊದ್ದ ದೊಡ್ಡ ಸ್ಟ್ಯಾಂಡ್ ಕ್ಯಾಮೆರಾ, ಅದರ ಎದುರಿಗೆ ತಾಜಮಹಲೂ ಒಂದು ಕಾರಂಜಿಯೂ ಇದ್ದ ಪರದೆ, ಮೂಲೆಯಲ್ಲಿ ಆಳೆತ್ತರದ ನಿಲುಗನ್ನಡಿ. ತಿಪ್ಪೇಶಪ್ಪ ಜೇಬಿನಿಂದ ನಕ್ಷೆ ತೆಗೆದು ಸಾಹೇಬರ ಕೈಗಿತ್ತ. ಅವರು ಅದನ್ನು ಉಲ್ಟಾ ಹಿಡಿದು, ಸೀದಾ ಹಿಡಿದು, ಭಾಳ ಚೆಂದ ಐತೆ ಎಂದು ಮಡಚಿ ಕೊಟ್ಟರು. ಕನ್ನಡಿಯನ್ನು ಎಷ್ಟು ಓರೆ ಇಡಬೇಕು ಎಂಬುದನ್ನೂ ತಿಪ್ಪೇಶಪ್ಪನೇ ಹೇಳಿದ. ಪತನ ಕೋನಕ್ಕೆ ಪ್ರತಿಫಲನ ಕೋನ ಸಮ, ಆದ್ದರಿಂದ ಇಷ್ಟು ಓರೆಯಾದರೆ ಜಡೆ ಮಾತ್ರ ಬೀಳುತ್ತದೆ, ಬೇರೆ ಏನೂ ಬೀಳುವುದಿಲ್ಲ. ನಲವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದ ಮನೆತನದ ಸಾಹೇಬರು, ಹಂಗೇ ಮಾಡಾಣ ಮೇಷ್ಟ್ರೇ, ಎಂದು ಕನ್ನಡಿಯನ್ನು ತಮಗೆ ಬೇಕಾದ ಹಾಗೆ ನಿಲ್ಲಿಸಿದರು.

ಮೊದಲನೆಯ ಸಲ ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದಾಗ ಅದು ಬಿಲ್ಲಿನ ಹಾಗೆ ಹಿಂದಕ್ಕೆ ಸೆಟೆದು, ಕನ್ನಡಕ ಕಿತ್ತು, ಲಂಗದೊಳಗಿನ ಕಾಲಿನಿಂದ ಅವನ ಹೊಟ್ಟೆಗೆ ಒದೆಯಿತು. ಪ್ರೇಮಮ್ಮ ಎತ್ತಿಕೊಂಡ ಕೂಡಲೇ ಸುಮ್ಮನಾಯಿತು. ಸುಮ್ಮನಾದದ್ದೇ ಹೆಚ್ಚು ನೋವು. ಸಾಹೇಬರು ಮರದ ಗಿಳಿ ಆಡಿಸಿದರು, ಬೀಗದ ಕೈ ಗೊಂಚಲು ಕುಣಿಸಿದರು, ಪೆಟ್ಟಿಗೆಯಿಂದ ಗುಬ್ಬಿ ಬರುತ್ತದೆ ಎಂದರು. ಮಗು ಗಿಳಿಯನ್ನು ನೋಡಿ ನಗುತ್ತಿತ್ತು, ಬೀಗದ ಕೈ ಬೇಕೆಂದು ಕೈ ಚಾಚುತ್ತಿತ್ತು, ಸಾಹೇಬರ ಗಡ್ಡವನ್ನೂ ಒಮ್ಮೆ ಹಿಡಿದು ನೋಡಿತು. ಇಡೀ ಹೊನ್ನಾಳಿಯ ಜೊತೆ ಅದಕ್ಕೆ ಸ್ನೇಹ, ಅಪ್ಪನೊಬ್ಬನನ್ನು ಬಿಟ್ಟು. ಎರಡನೆಯ ಸಲ ಕೂರಿಸುವಾಗ ತಿಪ್ಪೇಶಪ್ಪನ ತಾಳ್ಮೆ ತಪ್ಪಿ, ಅಭ್ಯಾಸಬಲದಿಂದ, ಮಗುವನ್ನು ನೋಡಿದ. ಜಗಳೂರಿನಲ್ಲಿ ನೋಡುವ ಹಾಗೆ ನೋಡಿದ. ಮಗು ತಟ್ಟನೆ ಅಳು ನಿಲ್ಲಿಸಿತು. ಆಹಾ ಎಂದು ಅವನಿಗೆ ಒಳಗೊಳಗೇ ಗೆಲುವೆನ್ನಿಸುವಷ್ಟರಲ್ಲಿ ತೊಡೆ ಬೆಚ್ಚಗಾಯಿತು. ಹೊಸ ಟೆರಿಲೀನ್ ಪ್ಯಾಂಟು. ಉಡಚಮ್ಮ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು. ಪ್ರೇಮಮ್ಮ ಏನೂ ಹೇಳದೆ ಲಂಗ ಹಿಂಡಿದಳು. ಮದುವೆಯಾಗಿ ಐದು ವರ್ಷದಿಂದ ಅವಳು ಏನೂ ಹೇಳದಿರುವುದನ್ನು ಅವನು ಗೌರವ ಎಂದುಕೊಂಡಿದ್ದ. ಈಗ ಮಗ ಮಾಡಿದ್ದನ್ನು ನೋಡಿದರೆ ಅದೂ ಬೇರೆ ಏನೋ ಇರಬಹುದೇ ಎಂಬ ಅನುಮಾನ ಬಂತು, ನಾಚಿಕೆಯೂ ಬಂತು. ಹತ್ತೂ ಹತ್ತು ದಾಟಿ ಎಷ್ಟೋ ಹೊತ್ತಾಗಿತ್ತು. ಜಡೆಯ ಮೊಗ್ಗು ದೀಪದ ಶಾಖಕ್ಕೆ ಅರಳತೊಡಗಿತ್ತು.

ಸಾಹೇಬರು ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕಬ್ಯಾಡ್ರಿ ಮೇಷ್ಟ್ರೇ. ನೀವು ಈ ಕಡೆ ಬಂದ್ಬಿಡ್ರಿ. ಕೂಸು ಅವರವ್ವನ ತೊಡೆ ಮ್ಯಾಲೆ ಇರಲಿ, ಅಜ್ಜಿ ಪಕ್ಕದಾಗಿರಲಿ. ನಿಮ್ಮದು ಬ್ಯಾರೆ ತೆಗ್ದು ಆಮೇಲೆ ಅಂಟಿಸಿಕೊಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಹೀಗೆ ಕ ಎಂಬ ಬಿಂದು ನಕ್ಷೆಯಿಂದ ಹೊರಗೆ ಬಂದಿತು. ಕ್ಯಾಮೆರಾದ ಪಕ್ಕದ ಕತ್ತಲಲ್ಲಿ ಒದ್ದೆ ತೊಡೆಯ ಮುಂದೆ ಕೈ ಕಟ್ಟಿ ನಿಂತು ಅವನು ಬೆಳಕಿನಲ್ಲಿದ್ದ ಮೂವರನ್ನು ನೋಡಿದ. ಅವರು ಮೂವರೇ ಸರಿಯಾಗಿದ್ದರು. ಎಲ್ಲಿಯೂ ಜಾಗ ಖಾಲಿ ಬಿದ್ದ ಹಾಗೆ ಕಾಣುತ್ತಿರಲಿಲ್ಲ. ತಾನು ಸತ್ತ ಮೇಲೂ ಇವರು ಹೀಗೆಯೇ ಕೂರುತ್ತಾರೆ, ಆಗ ತನ್ನನ್ನೂ ಒಂದು ಕುರ್ಚಿಯಲ್ಲಿ ಕೂರಿಸಿ ಕಣ್ಣು ಬರೆಸಿದರೆ ಮಗನಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ ಎನ್ನಿಸಿತು. ಅಳು ಬಂದರೆ ಮರ್ಯಾದೆ ಹೋಗುತ್ತದೆಂದು ಎರಡು ಹೆಜ್ಜೆ ಹಿಂದಕ್ಕೆ ಸರಿದ. ನೆಲದ ಮೇಲೆ ದೀಪದ ವೈರು ಹರಡಿತ್ತು. ಕಾಲು ಸಿಕ್ಕಿ, ತೂಗಾಡಿ, ಕ್ಯಾಮೆರಾದ ಕರಿ ಬಟ್ಟೆಯನ್ನು ಹಿಡಿದು, ಅದರ ಸಮೇತ, ಜಗಳೂರು ಹೈಸ್ಕೂಲಿನ ಗಣಿತದ ಮೇಷ್ಟ್ರು ನಾಲ್ಕು ಕಾಲಿನ ಮೇಲೆ ನೆಲಕ್ಕೆ ಬಿದ್ದ.

ಯಾರೋ ನಕ್ಕರು. ಕರಿ ಬಟ್ಟೆಯೊಳಗಿನಿಂದ ಅವನಿಗೆ ಯಾರೆಂದು ತಿಳಿಯಲಿಲ್ಲ. ಗುಳುಗುಳು ನಗು, ನೀರು ತುಂಬಿದ ಚೊಂಬು ಮಗುಚಿದ ಹಾಗೆ. ಬಟ್ಟೆ ಸರಿಸಿ ನೋಡಿದರೆ ಮಗ ಅವನ ಕಡೆ ಬೆರಳು ಮಾಡಿ ನಗುತ್ತಿತ್ತು. ತಿಪ್ಪೇಶಪ್ಪ ಎದ್ದು ನಿಂತು ಮೊಣಕಾಲು ಕೊಡವಿದ. ನಗು ನಿಂತುಹೋಯಿತು. ಮಗುವಿನ ತುಟಿ ಮತ್ತೆ ಕೆಳಗೆ ಇಳಿಯತೊಡಗಿತು. ಅವನು ಸುತ್ತ ನೋಡಿದ. ಅಲ್ಲಿದ್ದವರು ತಾಯಿ, ಹೆಂಡತಿ ಮತ್ತು ಒಬ್ಬ ಫೋಟೋದವರು. ಬಾಗಿಲ ಪರದೆ ಹಾಕಿತ್ತು. ಹೊನ್ನಾಳಿಯಿಂದ ಜಗಳೂರು ಐವತ್ತು ಮೈಲಿಗೆ ಕಡಿಮೆಯಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅವನು ಮತ್ತೆ ಬಿದ್ದ.

ಆಮೇಲೆ ಏನೇನಾಯಿತೆಂದು ಅವನು ನೆನೆಸಿಕೊಳ್ಳಲು ಇಷ್ಟಪಡಲಿಲ್ಲ. ಅಂಬಾ ಎಂದದ್ದು ಖರೆ. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ಎಮ್ಮೆಯ ಹಾಗೆ ಗೋಣು ಆಡಿಸಿದ್ದು ಖರೆ. ಎಡಕ್ಕೆ ಹೋಗಿ, ಬಲಕ್ಕೆ ಹೋಗಿ, ನಾಲಿಗೆ ಹೊರಗೆ ಹಾಕಿದ್ದೂ ಖರೆ. ಚಿತ್ರ ಬೀಳುವ ಗಾಜಿನ ಪ್ಲೇಟು ಹಾಕಿದ ಮೇಲೆ ಸಾಹೇಬರಿಗೆ ಕ್ಯಾಮೆರಾದಲ್ಲಿ ಏನೂ ಕಾಣುತ್ತಿರಲಿಲ್ಲ, ಅವರ ಕಣ್ಣು ಮಗುವಿನ ಮುಖದ ಮೇಲೇ ಇತ್ತು. ಬಂತು, ಬಂತು, ಎಂದರು. ಬಂತು ಎಂದದ್ದೇ ತಿಪ್ಪೇಶಪ್ಪ ಎದ್ದು, ಕನ್ನಡಕ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದ. ಮಗು ಅವನ ಮುಖ ನೋಡಿ ಅವ್ವನ ಸೆರಗಿನೊಳಗೆ ತಲೆ ತೂರಿಸಿತು. ಅಂಟಿಸುವುದಕ್ಕೆ ಬೇಕೆಂದಿದ್ದ ಅವನೊಬ್ಬನ ಫೋಟೋ ತೆಗೆಸುವುದು ಅವನಿಗೂ ಮರೆತಿತ್ತು, ಸಾಹೇಬರಿಗೂ ಮರೆತಿತ್ತು.

ಮರುದಿನ ಸೋದರಮಾವನ ತೊಡೆಯ ಮೇಲೆ ಜವಳವಾಯಿತು. ಆ ತೊಡೆಯ ಮೇಲೆ ಮಗು ಬಾಳೆಹಣ್ಣು ತಿನ್ನುತ್ತ ಅರ್ಧ ಗಂಟೆ ಕೂತಿತ್ತು. ಸಂಜೆಯ ಬಸ್ಸಿಗೆ ತಿಪ್ಪೇಶಪ್ಪ ಹೊರಟಾಗ ಬೋಳು ತಲೆಯ ಮಗ ಬಾಗಿಲಿಗೆ ಬಂದು, ಯಾರೋ ಹೋದ್ರು, ಎಂದಿತು.

ತಿಂಗಳು ಬಿಟ್ಟು ಊರಿಗೆ ಬರುವಾಗ ಅವನು ಹೊನ್ನಾಳಿಯಲ್ಲಿ ಇಳಿದು ಸ್ಟುಡಿಯೋಗೆ ಹೋದ. ಸಾಹೇಬರು ಫೋಟೋ ಕೊಡುವ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಂಡರು. ಫೋಟೋ ಅಪರಂಜಿಯಾಗಿತ್ತು. ಉಡಚಮ್ಮ ಅರ್ಧ ನಗುತ್ತಿದ್ದಳು. ಪ್ರೇಮಮ್ಮ, ಅವನೆಂದೂ ಕಂಡಿರದ ಹಾಗೆ, ಪೂರ್ತಿ ನಗುತ್ತಿದ್ದಳು. ಮಗುವಿನ ಬಾಯಿ ಮುರುಗೇಶಪ್ಪನ ಮಗುವಿಗಿಂತ ದೊಡ್ಡದಾಗಿ ತೆರೆದಿತ್ತು. ಹಿಂದಿನ ನಿಲುಗನ್ನಡಿಯಲ್ಲಿ ಜಡೆ ಒಂದೊಂದು ಮೊಗ್ಗೂ ಎಣಿಸುವ ಹಾಗೆ ಬಿದ್ದಿತ್ತು, ಜಡೆಯ ಪಕ್ಕದಲ್ಲಿ, ಪತನ ಕೋನಕ್ಕೆ ಪ್ರತಿಫಲನ ಕೋನ ಸಮವಾಗಿ, ಕರಿ ಬಟ್ಟೆ ಹೊದ್ದು ನಾಲ್ಕು ಕಾಲಿನ ಮೇಲೆ ನಿಂತು ನಾಲಿಗೆ ಚಾಚಿದ ಒಬ್ಬ ಮನುಷ್ಯನೂ ಬಿದ್ದಿದ್ದ. ತಿಪ್ಪೇಶಪ್ಪನ ಕಿವಿ ಬಿಸಿಯಾಯಿತು. ಇದನ್ನು ಅಳಿಸಬೇಕು ಎಂದ. ಅಳಿಸ್ತೀನಿ, ಅಲ್ಲೊಂದು ಹೂದಾನಿ ಬರೀತೀನಿ ಎಂದರು ಸಾಹೇಬರು. ಅವನು ಜೇಬಿನಿಂದ ತನ್ನ ಹಳೆಯ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು, ಇದನ್ನು ದೊಡ್ಡದು ಮಾಡಿ ಪಕ್ಕದಲ್ಲಿ ನಿಲ್ಲಿಸಿ, ಗಂಭೀರವಾಗಿರಲಿ, ನಮ್ಮಪ್ಪನ ಫೋಟೋದಲ್ಲಿ ಕಣ್ಣು ಹೇಗಿದೆಯೋ ಹಾಗೆ, ಅದೂ ನಿಮ್ಮ ಸ್ಟುಡಿಯೋದ್ದೇ, ಸಾಸ್ವೆಹಳ್ಳಿ ಬೀರಲಿಂಗಪ್ಪ, ಎಂದ.

ಸಾಹೇಬರು ಒಂದು ಗಳಿಗೆ ಯೋಚಿಸಿ ನಕ್ಕುಬಿಟ್ಟರು. "ಕುರ್ಚ್ಯಾಗೆ ಕುಂದ್ರಿಸಿದ್ದು ತಾನೇ? ಫೋಟೋ ತೆಗ್ದೋರು ನಮ್ಮ ಅಬ್ಬಾ, ಕಣ್ಣು ಬರ್ದೋನು ನಾನು. ನಂಗಾಗ ಇಪ್ಪತ್ತು. ಬರಾಕೆ ಬರ್ತಿದ್ದಿದ್ದೇ ಒಂದು ಥರದ ಕಣ್ಣು. ತಾಲ್ಲೂಕು ಕಚೇರಿ ಯಾರೋ ಅಮಲ್ದಾರ್ರು ಫೋಟೋ ತೆಗೆಸಿ ಒಯ್ಯದೆ ಬಿಟ್ಟಿದ್ರು, ಅದನ್ನ ಮುಂದಿಟ್ಕೊಂಡು ಎಲ್ಲರಿಗೂ ಅದೇ ಬರೀತಿದ್ದೆ. ನ್ಯಾಮತಿ, ಸವಳಂಗ, ಈ ಕಡೆ ಆಗ ಸತ್ತೋರೆಲ್ಲ ಅಮಲ್ದಾರ್ರ ಕಣ್ಣಾಗೆ ನೋಡ್ತಾ ಕುಂತಾರೆ ಮೇಷ್ಟ್ರೇ."

ಬೆಲ್ಲ ಕದ್ದದ್ದು ಒಬ್ಬ ಅಮಲ್ದಾರನಿಗೆ ಗೊತ್ತಾಗುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಕನ್ನಡಿಯ ಮುಂದೆ ಕಲಿತದ್ದು ಆ ಅಮಲ್ದಾರನ ಮುಖ. ಹನ್ನೊಂದು ವರ್ಷ ಜಗಳೂರಿನ ಹುಡುಗರು ಹೆದರಿದ್ದು, ಹೋದ ತಿಂಗಳು ಮಗ ಉಚ್ಚೆ ಹೊಯ್ದುಕೊಂಡದ್ದು, ಎಲ್ಲ ಅವನಿಗೇ, ತನ್ನ ಫೋಟೋವನ್ನೂ ಒಯ್ಯುವ ಪುರಸೊತ್ತಿಲ್ಲದ ಯಾವನೋ ಒಬ್ಬನಿಗೆ. ಹಾಗಾದರೆ ಅಪ್ಪ ಹೇಗೆ ನೋಡುತ್ತಿದ್ದ? ಹೊರಗೆ ಸಾಸ್ವೆಹಳ್ಳಿ ಬಸ್ಸು ಹಾರ್ನ್ ಹೊಡೆಯಿತು. ಅಳಿಸಿ ಎಂದು ಇನ್ನೊಮ್ಮೆ ಹೇಳಲೂ ಆಗದೆ, ಬೇಡ ಎನ್ನಲೂ ಆಗದೆ ಅವನು ಫೋಟೋವನ್ನು ಇದ್ದ ಹಾಗೆಯೇ ತೆಗೆದುಕೊಂಡು ಓಡಿದ.

ಮನೆಯ ಜಗಲಿಯ ಮೇಲೆ ಮುರುಗೇಶಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಫೋಟೋ ಬಂತಾ ಮೇಷ್ಟ್ರೇ ಎಂದ. ತಿಪ್ಪೇಶಪ್ಪ ಬ್ಯಾಗನ್ನು ಎದೆಗೆ ಒತ್ತಿಕೊಂಡ. ಒಳಗಿನಿಂದ ಮಗ ಓಡಿ ಬಂದು, ನಿಂತು, ನೋಡಿ, ಅವ್ವಾ, ಯಾರೋ ಬಂದ್ರು, ಎಂದಿತು. ಮುರುಗೇಶಪ್ಪ ಕೇಳಿಸದವನ ಹಾಗೆ ಸುಣ್ಣದ ಡಬ್ಬಿ ಹುಡುಕಿದ. ಉಡಚಮ್ಮ ಬ್ಯಾಗಿನಿಂದ ತಾನೇ ಫೋಟೋ ಎಳೆದು ಕಣ್ಣಿಗೆ ಹತ್ತಿರ ಹಿಡಿದಳು. ಮಗು ಅದನ್ನು ಕಿತ್ತುಕೊಂಡು, ಕನ್ನಡಿಯೊಳಗಿನ ಮನುಷ್ಯನ ಮೇಲೆ ಬೆರಳು ಒತ್ತಿ, ಮತ್ತೆ ಆ ಗುಳುಗುಳು ನಗು ನಕ್ಕಿತು, ಎಮ್ಮೆ ಬಂತು, ಎಂದಿತು. ಬಂದ್ರು ಎನ್ನಲಿಲ್ಲ. ಆಮೇಲೆ ತಲೆಯೆತ್ತಿ ತಿಪ್ಪೇಶಪ್ಪನನ್ನು ನೋಡಿ ನಗು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಹೋಯಿತು. ಅವೆರಡೂ ಒಂದೇ ಎಂದು ಅದಕ್ಕೆ ಯಾರು ಹೇಳಬೇಕು?

ಅವ್ವಾ, ಅಪ್ಪನ ಕಣ್ಣು ಆ ಫೋಟೋದಾಗಿನ ಥರಾನೇ ಇತ್ತೇನು, ಎಂದು ಅವನು ಕೇಳಿದ. ಮೂವತ್ತು ವರ್ಷದಲ್ಲಿ ಅದನ್ನು ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಉಡಚಮ್ಮ ಗೋಡೆಯ ಕಡೆ ತಲೆಯೆತ್ತಲಿಲ್ಲ, ಮೊಮ್ಮಗನ ಕೈಯಲ್ಲಿದ್ದ ಫೋಟೋವನ್ನೇ ನೋಡುತ್ತಿದ್ದಳು. "ಅದ್ಯಾವ ಕಣ್ಣೋ ಏನೋ, ಬರ್ದೋರಿಗೇ ಗೊತ್ತು. ಸತ್ತ ಮನ್ಯಾಗೆ ಸರಿ ಇಲ್ಲ ಅನ್ನಾಕೆ ಆಗ್ತದೇನಪ್ಪ? ನಿಮ್ಮಪ್ಪ ಹೊಲದಿಂದ ಬರೋನು, ಕಂಬ್ಳಿ ಹೊದ್ಕೊಂಡು ಹೊಸ್ಲಾಗೇ ಎತ್ತಿನಂಗೆ ನಾಲ್ಕು ಕಾಲಾಗ್ತಿದ್ದ. ನೀನು ಬೆನ್ನು ಮ್ಯಾಲೆ ಹತ್ತೋವರ್ಗೂ ಏಳ್ತಿರಲಿಲ್ಲ. ಥೇಟ್ ಹಿಂಗೇ."

ತಿಪ್ಪೇಶಪ್ಪ ಹೊಸ್ತಿಲಲ್ಲೇ ನಿಂತಿದ್ದ. ಬೆನ್ನಿನ ಮೇಲೆ ಕೂತದ್ದು, ಕಂಬಳಿಯ ವಾಸನೆ, ಏನಾದರೂ ನೆನಪಾದೀತೇ ಎಂದು ಕಾದ. ಏನೂ ನೆನಪಾಗಲಿಲ್ಲ. ಅಷ್ಟನ್ನೂ ಆ ಕಣ್ಣು ನುಂಗಿ ಕೂತಿತ್ತು. ಅವನಿಗೆ ಅಳು ಬಂತು, ಈ ಸಲ ಹಿಂದಕ್ಕೆ ಸರಿಯಲಿಲ್ಲ. ಜಗಲಿಯ ಮೇಲೆ ಮುರುಗೇಶಪ್ಪ ಬಾಯಿ ತುಂಬ ಎಲೆ ಇಟ್ಟುಕೊಂಡು ಇವನನ್ನೇ ನೋಡುತ್ತಿದ್ದ. ಅವನು ಎದ್ದು ಹೋಗಲಿ ಎಂದು ತಿಪ್ಪೇಶಪ್ಪ ಸ್ವಲ್ಪ ಹೊತ್ತು ಕಾದ. ಮುರುಗೇಶಪ್ಪ ಹೋಗುವವನ ಹಾಗೆ ಕಾಣಲಿಲ್ಲ. ನಾಳೆ ಇದು ಊರಿಗೆಲ್ಲ ಗೊತ್ತಾಗುತ್ತದೆ, ನಾಡಿದ್ದು ಹೊನ್ನಾಳಿಗೆ, ಒಂದಲ್ಲ ಒಂದು ದಿನ ಜಗಳೂರಿಗೂ. ಅವನು ಕನ್ನಡಕ ತೆಗೆದು ಜೇಬಿಗಿಟ್ಟ, ಹೆಗಲ ಮೇಲಿನ ಟವೆಲನ್ನು ತಲೆಗೆ ಹೊದ್ದ, ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲನ್ನು ಹೊಸ್ತಿಲಿನ ರಂಗೋಲಿಯ ಮೇಲೆ ಊರಿ, ನಾಲ್ಕು ಕಾಲಾದ. ಅಂಬಾ ಎನ್ನಲು ಹೋದರೆ ಸದ್ದೇ ಬರಲಿಲ್ಲ. ಟವೆಲಿನೊಳಗೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಬರಿಗಾಲಿನ ಸದ್ದು ಹತ್ತಿರ ಬಂತು, ಒಂದು ಪುಟ್ಟ ಕೈ ಟವೆಲಿನ ಅಂಚನ್ನು ಎತ್ತಿತು, ಕೂದಲು ಚಿಗುರುತ್ತಿದ್ದ ಬೋಳು ತಲೆಯೊಂದು ಒಳಗೆ ಬಗ್ಗಿ ಅವನ ಮುಖವನ್ನು ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಅವನ ಬೆನ್ನ ಹಿಂದೆ ಹೋಗಿ ಹತ್ತತೊಡಗಿತು.